ನಾವೂ ಗಾಣ ಹಾಕ್ವ

ಊರಿಂದ ಬಂದು ಹತ್ತು ದಿನ ಆಯ್ತು. ಕಂಡವರೆಲ್ಲ ಕೇಳುವುದು ಒಂದೇ ಮಾತು. "ಎಂತ ಹೆಣೆ, ಇಷ್ಟ್ ಕಪ್ಪಾಯ್ಕಂಡ್ ಬಂದಿದ್ಯಲೆ, ಗದ್ದಿ ಕೆಲ್ಸಕ್ಕೆ ಹೋಯಿದ್ಯಾ?" ಅಂತ ಪಕ್ಕದ ಬೀದಿಯಲ್ಲಿರುವ ನಮ್ಮೂರಿನ ಅಕ್ಕ ಕೇಳಿದ್ರು. "ಇಲ್ಲೆ ಅಕ್ಕ, ಗಾಣ ಹಾಕ್ತಾ ಕೂಕಂಡಿದ್ದೆ" ಅಂದೆ. ಅವರು ನಕ್ಕು ನಕ್ಕು ಗೇಟು ಹಿಡಿದುಕೊಂಡ್ರು. ಮೇಲಿನ ಮನೆಯ ಮೈಸೂರಿನವರಿಗೂ ಅದೇ ಉತ್ತರ ಹೇಳಿದ್ದಕ್ಕೆ, "ಓ, ಎಣ್ಣೆ ತೆಗೆಸೋಕೆ ಹೋಗಿದ್ರಾ? ನಮಗೂ ಒಂದ್ ಲೀಟರ್ ಕೊಬ್ರಿ ಎಣ್ಣೆ ತರಬಾರದಿತ್ತಾ?" ಅಂದ್ರು. ಅವರ ತಪ್ಪಲ್ಲ ಬಿಡಿ. ಬೇರೆಯವರು ಗಾಳ ಅಂತ ಹೇಳುವುದಕ್ಕೆ ಕುಂದಾಪ್ರ ಬದಿಯವರು ಗಾಣ ಅಂತೇವೆ. ಮೀನು ಹಿಡಿಯುವ ಗಾಣ.

ನಗುವವರು ನಗಲಿ. ನಾನು ಇವತ್ತು ಬರೆಯಲು ಕೂತದ್ದು ಒಂದು ಮಾತು ಹೇಳುವುದಕ್ಕೆ. ನಮ್ಮ ಹೆಣ್ಣುಮಕ್ಕಳು ಮೀನು ಕೊಯ್ಯುತ್ತೇವೆ, ತೊಳೆಯುತ್ತೇವೆ, ಮಸಾಲೆ ಕಡೆಯುತ್ತೇವೆ, ಮುಳ್ಳು ಬಿಡಿಸಿ ಮಕ್ಕಳ ಬಾಯಿಗೆ ಇಡುತ್ತೇವೆ. ಆದರೆ ಹೊಳೆ ಬದಿಯಲ್ಲಿ ಸುಮ್ಮನೆ ಕೂತು ಒಂದು ಮೀನು ಹಿಡಿಯುವ ಸುಖ ಮಾತ್ರ ಗಂಡಸರಿಗೇ ಬಿಟ್ಟುಬಿಟ್ಟಿದ್ದೇವೆ. ಅದು ಯಾಕೆ ಹಾಗಾಯ್ತು, ಇನ್ನೂ ಹಾಗೇ ಇರಬೇಕಾ ಅಂತ ನನ್ನ ಪ್ರಶ್ನೆ.

ಈ ಸಲ ಮೇ ತಿಂಗಳ ರಜೆಯಲ್ಲಿ ಮಗಳನ್ನು ಕರೆದುಕೊಂಡು ಚಿಕ್ಕಿ ಮನೆಗೆ ಹೋಗಿದ್ದೆ. ಚಿಕ್ಕಿ ಅಂದರೆ ನನ್ನ ಅಮ್ಮನ ತಂಗಿ. ಅವರ ಮನೆ ಗಂಗೊಳ್ಳಿ ಹತ್ತಿರದ ಒಂದು ಕುದ್ರುವಿನಲ್ಲಿ. ಕುದ್ರು ನೋಡದವರಿಗೆ ಹೇಳುತ್ತೇನೆ, ಸುತ್ತಲೂ ಹೊಳೆ, ನಡುವೆ ತೆಂಗಿನ ತೋಟ, ನಾಲ್ಕಾರು ಮನೆ, ದಾಟುವುದಕ್ಕೆ ದೋಣಿ. ಅಲ್ಲಿ ಐದು ಹೊಳೆಗಳು ಸೇರಿ ಸಮುದ್ರಕ್ಕೆ ಬೀಳುತ್ತವೆ, ಅದಕ್ಕೇ ಪಂಚಗಂಗಾವಳಿ ಅಂತ ಹೆಸರು. ಕೊಲ್ಲೂರಿನ ಸೌಪರ್ಣಿಕಾ ನದಿಯೂ ಅದರಲ್ಲಿ ಒಂದು. ಮರವಂತೆಯಲ್ಲಿ ರಸ್ತೆಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳೆ ಅಂತ ಎಲ್ಲರೂ ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರಲ್ದಾ, ಅದೇ ಹೊಳೆ. ಸಮುದ್ರಕ್ಕೆ ಅಷ್ಟು ಹತ್ತಿರ ಬಂದೂ ಸೇರದೆ ತಿರುಗಿ, ದಕ್ಷಿಣಕ್ಕೆ ಹರಿದು ಗಂಗೊಳ್ಳಿಯಲ್ಲಿ ಸೇರುತ್ತದೆ.

ರಜೆ ಅಂದರೆ ನಮಗೆ ಎಂತ ಅಂತ ನಿಮಗೆ ಹೇಳಬೇಕಾ? ಒಂದು ಅಡುಗೆಮನೆಯಿಂದ ಇನ್ನೊಂದು ಅಡುಗೆಮನೆಗೆ ಹೋಗುವುದು. ಬೆಂಗಳೂರಲ್ಲಿ ಮಿಕ್ಸಿ, ಇಲ್ಲಿ ಕಡೆಯುವ ಕಲ್ಲು. ಮೇ ತಿಂಗಳಲ್ಲಿ ಕುದ್ರುವಿನ ಬಾವಿ ನೀರು ಉಪ್ಪಾಗುತ್ತದೆ, ಕುಡಿಯುವ ನೀರು ದೋಣಿಯಲ್ಲಿ ಬರಬೇಕು, ಅದನ್ನು ಹೊತ್ತು ಒಳಗೆ ತರುವುದು ಹೆಂಗಸರು. ಹಲಸಿನ ಹಪ್ಪಳದ ಕೆಲಸ ಬೇರೆ. ಗಂಡುಹುಡುಗರು ಬೆಳಿಗ್ಗೆ ಗಂಜಿ ಉಂಡು ಗಾಣ ತೆಗೆದುಕೊಂಡು ಹೊಳೆಗೆ, ಹೆಣ್ಣುಮಕ್ಕಳು ಕೈಗೆ ಎಣ್ಣೆ ಸವರಿಕೊಂಡು ಹಲಸಿನ ಸೊಳೆ ಬಿಡಿಸುವುದಕ್ಕೆ. ನಾನು ಸಣ್ಣವಳಿದ್ದಾಗಲೂ ಹಾಗೇ ಇತ್ತು, ಈಗಲೂ ಹಾಗೇ ಇದೆ.

ಎರಡನೇ ದಿನ ನನ್ನ ಹದಿಮೂರು ವರ್ಷದ ಮಗಳು ಸೊಳೆ ಬುಟ್ಟಿ ಪಕ್ಕಕ್ಕೆ ಸರಿಸಿ ಕೇಳಿದಳು, "ಅಮ್ಮ, ನಾನ್ಯಾಕೆ ಹೋಗಬಾರದು?" ಉತ್ತರ ನನ್ನ ಬಾಯಿಗೆ ಬಂದೇ ಬಂತು. ಬಿಸಿಲು, ಕೆಸರು, ನೀರು ಆಳ ಇದೆ, ಮುಖ ಕಪ್ಪಾಗ್ತದೆ. ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಅವಳದ್ದೇ ವಯಸ್ಸಿನ ಅಣ್ಣನ ಮಗ ಅದೇ ಬಿಸಿಲಲ್ಲಿ, ಅದೇ ಕೆಸರಲ್ಲಿ ಇದ್ದ. ಕೊನೆಗೆ "ನೀ ಒಬ್ಬಳೇ ಬೇಡ, ನಾನೂ ಬರ್ತೇನೆ" ಅಂದೆ. ಕಾಯುವುದಕ್ಕೆ ಅಂತ ಹೋದವಳು ನಾನು. ಮಗಳಿಗಿಂತ ಮೊದಲು ಗಾಣಕ್ಕೆ ಸಿಕ್ಕಿಬಿದ್ದವಳೂ ನಾನೇ.

ಹುಡುಗರ ಹತ್ತಿರ ಕೋಲು ಗೀಲು ಎಂತದೂ ಇಲ್ಲ. ಒಂದು ಹಲಗೆ ತುಂಡಿಗೆ ಸುತ್ತಿದ ನೈಲಾನ್ ದಾರ, ತುದಿಗೆ ಸೀಸದ ಗುಂಡು, ಅದರ ಹತ್ತಿರ ಒಂದು ಗಾಣ. ಎರೆಹುಳ ಚುಚ್ಚುವುದು ನೋಡಿ ನನಗೆ ಹೊಟ್ಟೆ ತೊಳಸಿತು. ಅಣ್ಣನ ಮಗ ಕನಿಕರ ತೋರಿಸಿ ಸಣ್ಣ ಚಟ್ಲಿ ಚುಚ್ಚಿ ಕೊಟ್ಟ. ಎಸೆದೆ. ಮೊದಲ ಸಲ ನನ್ನದೇ ಸೀರೆ ಸೆರಗಿಗೆ ಸಿಕ್ಕಿತು. ಎರಡನೇ ಸಲ ಕಾಂಡ್ಲಾ ಗಿಡಕ್ಕೆ. ಮೂರನೇ ಸಲ ನೀರಿಗೆ ಬಿತ್ತು. ಆಮೇಲೆ ಸುಮ್ಮನೆ ಕೂತದ್ದು. ಒಂದು ಗಂಟೆ ಕೂತೆ, ಎಂತದೂ ಸಿಗಲಿಲ್ಲ. ಎಳೆದು ನೋಡಿದರೆ ಚಟ್ಲಿ ಇಲ್ಲ, ಬರೀ ಗಾಣ. ಏಡಿ ತಿಂದು ಹೋಗಿತ್ತು.

ಆದರೂ ನನಗೆ ಏಳಲು ಮನಸ್ಸಾಗಲಿಲ್ಲ. ಯಾಕೆ ಅಂತ ಆಮೇಲೆ ಯೋಚನೆ ಮಾಡಿದೆ. ಕಾಯುವುದು ನಮಗೇನು ಹೊಸತಲ್ಲ. ಕುಕ್ಕರ್ ಸೀಟಿಗೆ ಕಾಯುತ್ತೇವೆ, ಶಾಲೆ ವ್ಯಾನಿಗೆ, ಗ್ಯಾಸಿನವನಿಗೆ, ಡಾಕ್ಟರ ಹತ್ತಿರ ಮಾವನವರ ಚೀಟಿ ಹಿಡಿದುಕೊಂಡು, ರಾತ್ರಿ ಗಂಡ ಬಂದು ಉಣ್ಣುವುದಕ್ಕೆ. ಇಪ್ಪತ್ತು ವರ್ಷದಿಂದ ಕಾದ ಲೆಕ್ಕ ಹಾಕಿದರೆ ಒಂದು ಜನ್ಮ ಆದೀತು. ಅದೆಲ್ಲ ಬೇರೆಯವರಿಗಾಗಿ ಕಾದದ್ದು, ಕಾಯುವಾಗಲೂ ಕೈ ಬೆಳ್ಳುಳ್ಳಿ ಸುಲಿಯುತ್ತಿರುತ್ತದೆ, ತಲೆ ನಾಳೆಯ ತಿಂಡಿ ಯೋಚಿಸುತ್ತಿರುತ್ತದೆ. ಇಲ್ಲಿ ಕೈಗೆ ದಾರ ಬಿಟ್ಟು ಬೇರೆ ಕೆಲಸ ಇಲ್ಲ. ಬೇರೆ ಯೋಚನೆ ಮಾಡಿದರೆ ಮೀನು ಎಳೆದದ್ದೇ ಗೊತ್ತಾಗುವುದಿಲ್ಲ. ಅಷ್ಟು ವರ್ಷದಲ್ಲಿ ಮೊದಲ ಸಲ ಒಂದು ಗಂಟೆ ಹೊತ್ತು ನನ್ನ ತಲೆಯಲ್ಲಿ ಮನೆ ಇರಲಿಲ್ಲ.

ಮರುದಿನ ಸಂಜೆ ಚಿಕ್ಕಿ ಕೈಯಲ್ಲಿ ಕೋಲು ಹಿಡಿದು ನಿಧಾನ ಇಳಿದು ಬಂದ್ರು. ಅವರಿಗೆ ಅರವತ್ತೆಂಟು. ಬೈಯಲಿಕ್ಕೆ ಬಂದ್ರು ಅಂತಲೇ ನಾನು ತಿಳಿದದ್ದು. ನನ್ನ ಪಕ್ಕ ಕಲ್ಲಿನ ಮೇಲೆ ಕೂತು ಸ್ವಲ್ಪ ಹೊತ್ತು ಕಂಡ್ರು. ಆಮೇಲೆ, "ದಾರ ಸಡ್ಲ ಬಿಡ್ಬೇಡ. ತೋರ್ ಬೆರಳಿನ್ ಮ್ಯಾಲ್ ಹಾಕ್ಕೊ. ಕಣ್ಣಂಗೆ ಕಾಂಬುದಲ್ಲ ಅದ್, ಬೆರಳಂಗೆ ಗೊತ್ತಾಪುದ್" ಅಂದ್ರು. ನಾನು ಬಾಯಿ ಬಿಟ್ಟು ಕಂಡೆ. "ಚಿಕ್ಕಿ, ನಿಮ್ಗ್ ಹ್ಯಾಂಗೆ ಗೊತ್ತ್?"

"ನಾ ಸಣ್ಣ್ಕಿಪ್ಪತ್ತಿಗೆ ನಮ್ಮ್ ಅಣ್ಣಂದಿರ್ಕಿಂತ ನಂಗೇ ಹೆಚ್ಚ್ ಮೀನ್ ಸಿಕ್ತಿದ್ದಿತ್ ಕಾಣ್. ಅಪ್ಪಯ್ಯ ಕರ್ಕಂಡ್ ಹೋಪುದೇ ನನ್ನ್. ಮತ್ತ್ ಮೈನೆರ್ದ್ ಮ್ಯಾಲ್ ಹೊಳಿ ಬದಿಗ್ ಹೋಪುಕೆ ಬಿಡ್ಲಿಲ್ಲ. ಆಮೇಲ್ ಮದಿ ಆಯ್ತ್, ಮಕ್ಳ್ ಆದೊ, ಹಿಡುದ್ ಹೋಯ್ತ್, ಕೊಯ್ಯುದ್ ಬಂತ್." ಇಷ್ಟು ಹೇಳಿ ಚಿಕ್ಕಿ ಎಲೆ ಅಡಿಕೆ ಚೀಲ ಬಿಚ್ಚಿದ್ರು. ಬೇಜಾರು ಎಂತದೂ ಅವರ ದನಿಯಲ್ಲಿ ಇರಲಿಲ್ಲ, ನಿನ್ನೆಯ ಸಾರಿನ ವಿಷಯ ಹೇಳಿದ ಹಾಗೆ ಹೇಳಿದ್ರು. ಬೇಜಾರಾದದ್ದು ನನಗೆ. ಚಿಕ್ಕಪ್ಪ ತೀರಿಹೋಗಿ ಎರಡು ವರ್ಷ. ಅವರು ಇದ್ದಷ್ಟು ಕಾಲ ದಿನಾ ಗಾಣ ಹಾಕುತ್ತಿದ್ರು, ಅವರು ತಂದ ಮೀನಿಗೆ ಇವರು ಮೆಟ್ಟುಕತ್ತಿ ಮುಂದೆ ಕೂರುತ್ತಿದ್ರು. ಒಂದು ದಿನವಾದರೂ "ನಂಗೂ ಬತ್ತ್" ಅಂತ ಹೇಳಿದ್ರಾ ಅಂತ ಕೇಳಿದೆ. "ಯಾರ್ ಕೇಣ್ತ್ರ್?" ಅಂದ್ರು.

ಚಿಕ್ಕಿ ಕಲಿಸಿದ್ದನ್ನು ನಿಮಗೂ ಹೇಳುತ್ತೇನೆ, ಉಪಯೋಗಕ್ಕೆ ಬಂದೀತು. ಮೊದಲು ತಿಥಿ ಕಾಣಬೇಕು. ಪಂಚಾಂಗ ನಾವು ವ್ರತಕ್ಕೆ ಕಾಂತೇವೆ, ಅವರು ನೀರಿಗೆ ಕಾಂತಾರೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಭರ್ತ ಜೋರು, ಇಳಿತವೂ ಜೋರು. ಅಷ್ಟಮಿ ಹೊತ್ತಿಗೆ ನೀರು ಸೋಮಾರಿ. ಇವತ್ತು ಭರ್ತ ಬಂದ ಹೊತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ನೀರು ಏರುವಾಗ ಮೀನು ಮೇಯಲು ದಡದ ಕಡೆ ಬರುತ್ತದೆ, ಆಗ ಕೂರಬೇಕು. ನಮ್ಮ ಕಡೆಯ ಕಾಣಿ ಮೀನು, ಅದೇ ಹೋಟೆಲಿನವರು ಕಾಣೆ ಅಂತ ರವೆ ಹಚ್ಚಿ ಕೊಡುತ್ತಾರಲ್ಲ, ಅದು ಮರಳಿನ ತಳದಲ್ಲಿ ಹುಳ, ಸಣ್ಣ ಚಟ್ಲಿ ಹುಡುಕಿ ತಿನ್ನುತ್ತದೆ. ಹೆದರಿದರೆ ಮರಳಿನೊಳಗೇ ಹುಗಿದುಕೊಳ್ಳುತ್ತದೆ. ಅದಕ್ಕೇ ಗುಂಡು ತಳ ಮುಟ್ಟಬೇಕು.

ಬೆರಳಿಗೆ ಗೊತ್ತಾಗುವುದು ಅಂದರೆ ಹೇಗೆ ಅಂತ ನನಗೆ ಅರ್ಥ ಆದದ್ದು ಪಾಕದ ಲೆಕ್ಕದಲ್ಲಿ. ಒಂದೆಳೆ ಪಾಕವೋ ಎರಡೆಳೆಯೋ ಅಂತ ಎರಡು ಬೆರಳ ನಡುವೆ ನೋಡುತ್ತೇವಲ್ದಾ, ಅಷ್ಟೇ ಸೂಕ್ಷ್ಮ. ಕಾಣಿ ಬಂದರೆ ಟಕ್ ಟಕ್ ಅಂತ ಎರಡು ಸಲ ಗಡಿಬಿಡಿಯಲ್ಲಿ ಎಳೆಯುತ್ತದೆ. ಏಡಿ ಆದರೆ ಒದ್ದೆ ಬಟ್ಟೆ ಎಳೆದ ಹಾಗೆ ನಿಧಾನ, ಭಾರ. ಎಳೆತವೇ ಇಲ್ಲದೆ ದಾರ ಕಡಿದು ಬಂದರೆ ಹೊಟ್ಟೆ ಉಬ್ಬಿಸುವ ಮೀನಿನ ಕೆಲಸ. ಅದು ಹಲ್ಲಲ್ಲೇ ಕತ್ತರಿಸಿಬಿಡುತ್ತದೆ. ಆ ಮೀನು ವಿಷ, ತಿನ್ನಲಿಕ್ಕಿಲ್ಲ, ಸಿಕ್ಕಿದರೂ ನೀರಿಗೇ ಬಿಡಬೇಕು. ಮೀಸೆ ಇರುವ ಮೀನು ಸಿಕ್ಕಿದರೆ ಬರಿಗೈಯಲ್ಲಿ ಮುಟ್ಟಬಾರದು, ಅದರ ಮುಳ್ಳು ಚುಚ್ಚಿದರೆ ಉರಿ ತಡೆಯುವುದಕ್ಕಾಗುವುದಿಲ್ಲ. ಚುಚ್ಚಿದ ಕೈಯನ್ನು ತಡೆಯುವಷ್ಟು ಬಿಸಿಯ ನೀರಲ್ಲಿ ಅದ್ದಬೇಕಂತೆ ಚಿಕ್ಕಿ ಹೇಳಿದ್ರು.

ಮೂರನೇ ಸಂಜೆ ನನ್ನ ಬೆರಳಿಗೆ ಟಕ್ ಟಕ್ ಅಂತು. ಎಳೆದೆ. ಮರಳಿನದ್ದೇ ಬಣ್ಣದ, ಗೇಣುದ್ದಕ್ಕೆ ಸ್ವಲ್ಪ ಕಮ್ಮಿ, ತೆಳ್ಳಗೆ ಮಿಂಚುತ್ತಾ ಮೇಲೆ ಬಂತು. ನಾನು ಚಿಕ್ಕ ಹುಡುಗಿ ಹಾಗೆ "ಕಾಣಿ! ಕಾಣಿ!" ಅಂತ ಕೂಗಿದೆ. ತೋಟದಲ್ಲಿದ್ದ ಅಣ್ಣ "ಎಂತ ಕಾಣುದ್ ಮಾರಾಯ್ತಿ, ಹಾವಾ?" ಅಂತ ಕತ್ತಿ ಹಿಡಿದುಕೊಂಡು ಓಡಿ ಬಂದ. ನಮ್ಮ ಭಾಷೆಯಲ್ಲಿ ಮೀನಿಗೂ ಕಾಣಿ, ನೋಡಿ ಅನ್ನುವುದಕ್ಕೂ ಕಾಣಿ. ಚಿಕ್ಕಿ ಅವತ್ತು ನಕ್ಕ ಹಾಗೆ ಚಿಕ್ಕಪ್ಪ ಹೋದ ಮೇಲೆ ನಕ್ಕದ್ದು ನಾನಂತೂ ಕಂಡಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಚಂದದ ಕತೆ. ಆದರೆ ಇನ್ನೊಂದು ವಿಷಯ ಹೇಳದಿದ್ದರೆ ನಾನು ಸುಳ್ಳಿ ಆಗುತ್ತೇನೆ.

ಮೀನು ಹಿಡಿದುಕೊಂಡು ಕುಣಿಯುತ್ತಾ ಹಿಂಬಾಗಿಲಿಂದ ಒಳಗೆ ಹೋದೆ. ಅತ್ತಿಗೆ ಒಬ್ಬರೇ ಅಡುಗೆಮನೆಯಲ್ಲಿದ್ರು. ಒಲೆಯಲ್ಲಿ ಕುಚ್ಚಲಕ್ಕಿ ಕುದಿಯುತ್ತಿತ್ತು, ಕಲ್ಲಿನಲ್ಲಿ ಅರ್ಧ ಕಡೆದ ಮಸಾಲೆ, ಮೂಲೆಯಲ್ಲಿ ನಾವು ಬಿಟ್ಟು ಹೋದ ಹಲಸಿನ ಸೊಳೆ. ಬೆವರಿನಲ್ಲಿ ರವಿಕೆ ಮೈಗೆ ಅಂಟಿತ್ತು. ಅವರು ನನ್ನ ಮೀನು ಕಂಡು, "ಹೋ, ಇದನ್ನೂ ನಾನೇ ಕೊಯ್ಕಾ?" ಅಂದ್ರು. ಕೋಪದಲ್ಲಿ ಅಂದದ್ದಲ್ಲ, ತಮಾಷೆಯೂ ಅಲ್ಲ.

ನನ್ನ ಕುಣಿತ ಅಲ್ಲಿಗೇ ನಿಂತಿತು. ಮೂರು ದಿನ ನಾನು ಹೊಳೆ ಬದಿಯಲ್ಲಿ ಕೂತದ್ದು ಯಾರ ಬೆನ್ನಿನ ಮೇಲೆ? ಚಿಕ್ಕಪ್ಪ ಅಷ್ಟು ವರ್ಷ ಹಾಯಾಗಿ ಕೂತದ್ದು ಚಿಕ್ಕಿ ನಿಂತದ್ದರಿಂದ. ನಾನು ಗಂಡಸರ ಸುಖ ಬೇಕು ಅಂತ ಹೋಗಿ, ಗಂಡಸರು ಮಾಡುವುದನ್ನೇ ಇನ್ನೊಬ್ಬ ಹೆಂಗಸಿಗೆ ಮಾಡಿದ್ದೆ. ನಾವು ಹೆಣ್ಣುಮಕ್ಕಳು ಗಾಣ ಯಾಕೆ ಹಾಕುವುದಿಲ್ಲ ಅಂದರೆ ನಾಚಿಕೆಯೋ ಬಿಸಿಲೋ ಅಲ್ಲ, ಇದು. ಒಬ್ಬಳು ಕೂತರೆ ಇನ್ನೊಬ್ಬಳು ನಿಲ್ಲಬೇಕಾಗುತ್ತದೆ ಅಂತ ನಮಗೆಲ್ಲ ಗೊತ್ತು, ಅದಕ್ಕೇ ಯಾರೂ ಕೂರುವುದಿಲ್ಲ.

ಅವತ್ತು ಮೀನು ನಾನೇ ಕೊಯ್ದೆ, ಹುರುಪೆ ತೆಗೆದು, ಮಾವಿನಕಾಯಿ ಹಾಕಿ ಸಾರು ಮಾಡಿದೆ. ರಾತ್ರಿ ಊಟಕ್ಕೆ ಕೂತಾಗ ಚಿಕ್ಕಿಯೇ ಮಾತು ತೆಗೆದ್ರು. "ನಾಳಿಂದ ಈ ರಜಿ ಮುಗಿಯೂವರಿಗೆ ರಾತ್ರಿ ಗಂಜಿ. ಗಂಜಿ, ಚಟ್ನಿ, ಉಪ್ಪಿನ್ಕಾಯಿ. ಮೀನ್ ಬೇಕಂಬರ್ ಹಿಡ್ದ್, ಅವ್ರೇ ಕೊಯ್ದ್, ಅವ್ರೇ ಹುರ್ಕಣಿ." ಅಣ್ಣ ತಲೆ ಎತ್ತಿ ಕಂಡ, ಎಂತದೂ ಹೇಳಲಿಲ್ಲ. ಹುಡುಗರ ಮುಖ ಸಪ್ಪೆಯಾಯ್ತು. ಮರುದಿನ ಅಣ್ಣನ ಮಗನೂ ನನ್ನ ಮಗಳೂ ಅಂಗಳದಲ್ಲಿ ಮೆಟ್ಟುಕತ್ತಿ ಹಾಕಿಕೊಂಡು ಮೀನಿನ ಹೊಟ್ಟೆ ಬಿಡಿಸಲು ಕಲಿತರು. ಅವನಿಗಿಂತ ಇವಳಿಗೆ ಬೇಗ ಬಂತು ಅಂತ ಬರೆಯಬೇಕು ಅಂತ ಆಸೆ, ಆದರೆ ಅವನಿಗೇ ಬೇಗ ಬಂದದ್ದು.

ಐದನೇ ದಿನ ಅತ್ತಿಗೆ ಬಂದ್ರು. ಅರ್ಧ ಗಂಟೆ ಕೂತ್ರು. ಒಂದು ಮೀನೂ ಸಿಗಲಿಲ್ಲ, ನಡುವೆ ಎರಡು ಸಲ ಎದ್ದು ಒಲೆ ಆರಿಸಿದ್ದೇನಾ ಅಂತ ಕಂಡು ಬಂದ್ರು. ಹೋಗುವಾಗ, "ಈ ಮನಿಗ್ ಬಂದ್ ಇಪ್ಪತ್ತ್ ವರ್ಷ ಆಯ್ತ್. ಹೊಳಿ ಬದಿಂದ ನಮ್ಮನಿ ಹೀಂಗೆ ಕಾಂತ್ ಅಂದೇಳಿ ಗೊತ್ತೇ ಇರ್ಲಿಲ್ಲೆ" ಅಂದ್ರು. ಬಟ್ಟೆ ಒಗೆಯಲು, ಪಾತ್ರೆ ತೊಳೆಯಲು ದಿನಾ ಹೊಳೆಗೆ ಇಳಿದವರು ಅವರು. ಹೊಳೆಗೆ ಬೆನ್ನು ಹಾಕಿ ಮನೆ ಕಡೆ ತಿರುಗಿ ಕೂರುವಷ್ಟು ಹೊತ್ತು ಅವರಿಗೆ ಸಿಕ್ಕಿರಲಿಲ್ಲ.

ಇನ್ನೊಂದು ಮಾತು. ದೋಣಿ ದಾಟಿ ಬರುವಾಗ ಮೀನು ಬುಟ್ಟಿ ಹೊತ್ತ ಒಬ್ಬ ಅಕ್ಕ ಸಿಕ್ಕಿದ್ರು. ನನ್ನ ಮಗಳು ಗಾಣದ ಕತೆ ಹೇಳಿದಳು. ಅವರು ಕೇಳಿ, "ನಿಮ್ಗ್ ಆಟ ಮಗಾ, ನಮ್ಗ್ ಹೊಟ್ಟಿ" ಅಂದ್ರು. ಸರಿಯಾದ ಮಾತು. ಬೆಳಗಿನ ಜಾವ ಬಂದರಿಗೆ ಹೋಗಿ, ಮೀನು ಹರಾಜಿನಲ್ಲಿ ಕೂಗಿ ತೆಗೆದುಕೊಂಡು, ಬಿಸಿಲಲ್ಲಿ ಮನೆಮನೆಗೆ ತಿರುಗುವ ಹೆಂಗಸರ ಮುಂದೆ ನನ್ನ ಒಂದು ಗೇಣು ಕಾಣಿಯ ಜಂಬ ನಡೆಯುವುದಿಲ್ಲ. ಆಟ ಅಂತ ನಾವು ಆಡುವುದಾದರೆ ಆಟದ ಹದದಲ್ಲೇ ಆಡಬೇಕು. ಸಾರಿಗೆ ಬೇಕಾದಷ್ಟೇ ಹಿಡಿಯಬೇಕು. ಬೆರಳುದ್ದದ ಮರಿ ಸಿಕ್ಕಿದರೆ ಒದ್ದೆ ಕೈಯಲ್ಲಿ ಬಿಡಿಸಿ ನೀರಿಗೆ ಬಿಡಬೇಕು. ಮೀನು ಮರಿ ಮಾಡುವ ಕಾಲ ಅಂತ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ. ಹೊಟ್ಟೆಪಾಡಿನವರೇ ಅಷ್ಟು ದಿನ ಕೈ ಕಟ್ಟಿ ಕೂರುವಾಗ, ರಜೆಗೆ ಬಂದ ನಾವು ಮರಿ ಮೀನು ಬುಟ್ಟಿಗೆ ತುಂಬಿದರೆ ನಾಚಿಕೆಗೇಡು. ಕಡಿದ ನೈಲಾನ್ ದಾರ ಅಲ್ಲೇ ಬಿಸಾಡಬೇಡಿ, ಹಕ್ಕಿ ಕಾಲಿಗೆ ಸುತ್ತಿಕೊಳ್ಳುತ್ತದೆ.

ಹಾಗೇ, ಹೊಳೆ ಅಂದರೆ ಹೊಳೆ. ಮರಳು ತೆಗೆದ ಕಡೆ ಮೊಣಕಾಲು ನೀರಿನ ಪಕ್ಕದಲ್ಲೇ ಆಳು ಮುಳುಗುವ ಗುಂಡಿ ಇರುತ್ತದೆ. ಇಳಿತದ ಹೊತ್ತಿಗೆ ನೀರು ಸಮುದ್ರದ ಕಡೆ ಎಳೆಯುತ್ತದೆ. ಗೊತ್ತಿದ್ದವರು ಪಕ್ಕದಲ್ಲಿ ಇಲ್ಲದೆ ಹೋಗಬೇಡಿ, ದಡ ಬಿಟ್ಟು ಇಳಿಯಬೇಡಿ, ಮಕ್ಕಳನ್ನು ಕೈಯಳತೆಯಲ್ಲೇ ಕೂರಿಸಿಕೊಳ್ಳಿ. ಗಾಣ ಹಾಕಲು ನೀರಿಗೆ ಇಳಿಯಬೇಕಾಗಿಯೇ ಇಲ್ಲ.

ಮೀನು ತಿನ್ನದ ಮನೆಯ ಅಕ್ಕಂದಿರು ಇದನ್ನು ಓದಿ ಮುಖ ಕಿವಿಚುತ್ತಿರಬಹುದು. ನಿಮಗೆ ಗಾಣ ಬೇಡ, ಒಪ್ಪಿದೆ. ಆದರೆ ನಿಮ್ಮ ಮನೆಯಲ್ಲೂ ಗಂಡಸರಿಗೆ ಕಟ್ಟೆ ಇದೆ, ಇಸ್ಪೀಟಿದೆ, ಪೇಟೆಗೆ ಹೋಗಿ ಬರುವುದು ಅಂತ ಒಂದಿದೆ. ನಿಮ್ಮದು ಅಂತ ಕೂರುವ ಜಾಗ ಯಾವುದು? ಅದನ್ನು ಈ ರಜೆಯಲ್ಲಿ ಒಂದು ಹುಡುಕಿ. ಹುಡುಕುವಾಗ ಮನೆಯ ಇನ್ನೊಬ್ಬಳನ್ನು ಒಲೆ ಮುಂದೆ ಬಿಟ್ಟು ಹೋಗಬೇಡಿ, ಅವಳನ್ನೂ ಎಬ್ಬಿಸಿ ಕರೆದುಕೊಂಡು ಹೋಗಿ. ಒಂದು ಹೊತ್ತು ಗಂಜಿ ಉಂಡರೆ ಯಾರೂ ಸೊರಗುವುದಿಲ್ಲ. ನಾವು ಹನ್ನೊಂದು ದಿನ ಉಂಡೆವು, ಅಣ್ಣನ ಹೊಟ್ಟೆ ಹಾಗೇ ಇದೆ.

ಹೊರಡುವ ದಿನ ಚಿಕ್ಕಿ ಮಾಡಿನ ಸಂದಿಯಿಂದ ಚಿಕ್ಕಪ್ಪನ ಹಳೆಯ ದಾರದ ಹಲಗೆ ತೆಗೆದ್ರು. ಗಾಣ ತುಕ್ಕು ಹಿಡಿದಿತ್ತು. ನನಗೋ ಮಗಳಿಗೋ ಕೊಡುತ್ತಾರೆ ಅಂತ ಕೈ ಚಾಚಿದೆ. "ಇದ್ ನಿಂಗಲ್ಲ, ನಂಗೆ. ಪ್ಯಾಟಿಗ್ ಹೋದರ್ ಹೊಸ ಗಾಣ ನಾಕ್ ತರ್ಕ್ ಅಂದೇಳಿ ಅಣ್ಣನ್ ಹತ್ರ ಹೇಳ್" ಅಂದ್ರು.

ಹೇಳಿ ಬಂದಿದ್ದೇನೆ. ನಿನ್ನೆ ಫೋನು ಮಾಡಿದರೆ ಅತ್ತಿಗೆ ತೆಗೆದ್ರು. "ಅತ್ತಿ ಮನಿಯಂಗಿಲ್ಲೆ, ಭರ್ತದ್ ಹೊತ್ತಲ್ದಾ" ಅಂದ್ರು.